ಅಕ್ಲೂಜಿಗೆ ಬಂದ ಟಸ್ಕನಿಯ ದ್ರಾಕ್ಷಿ

ಇಟಲಿಯ ವೈನಿನ ಗುಣಮಟ್ಟವನ್ನು ಅಳೆಯುವಾಗ ರುಚಿಗಿಂತ ಮೊದಲು ಬರುವುದು ಊರು. ಯಾವ ಸೀಮೆಯಲ್ಲಿ ಯಾವ ತಳಿಯನ್ನು ಬೆಳೆಯಬೇಕು, ಇಳುವರಿ ಎಷ್ಟನ್ನು ಮೀರಬಾರದು, ರಸವನ್ನು ಎಷ್ಟು ಕಾಲ ಮಾಗಿಸಬೇಕು ಎಂಬುದನ್ನೆಲ್ಲ ಗೊತ್ತುಪಡಿಸುವ ‘ಡಿಒಸಿ’ ಎಂಬ ದರ್ಜೆಯನ್ನು ಅಲ್ಲಿ 1963ರ ಕಾನೂನು ತಂದಿತು. ಅದಕ್ಕೂ ಮೇಲಿನ ‘ಡಿಒಸಿಜಿ’ ದರ್ಜೆ 1980ರಲ್ಲಿ ಮೊದಲ ಬಾರಿಗೆ ದೊರೆತವುಗಳಲ್ಲಿ ಟಸ್ಕನಿ ಪ್ರಾಂತದ ಬ್ರುನೆಲ್ಲೋ ಒಂದು. ಸಾಂಜೊವೇಸೆ ಎಂಬ ಒಂದೇ ತಳಿಯಿಂದ ತಯಾರಾಗುವ ಈ ವೈನು ಕನಿಷ್ಠ ಎರಡು ವರ್ಷ ಓಕ್ ಮರದ ಪೀಪಾಯಿಯಲ್ಲಿದ್ದು, ಕೊಯ್ಲಾದ ಐದನೆಯ ವರ್ಷದ ಜನವರಿಗೆ ಮೊದಲು ಮಾರಾಟಕ್ಕೆ ಬರುವಂತಿಲ್ಲ. 

ಇದೇ ಸಾಂಜೊವೇಸೆ ಇಂದು ಕನ್ನಡಿಗರೂ ನೆಲೆಸಿರುವ ಸೊಲ್ಲಾಪುರ ಜಿಲ್ಲೆಯಲ್ಲಿ, ಕಬ್ಬಿಗೆ ಹೆಸರಾದ ಅಕ್ಲೂಜಿನಲ್ಲಿ ಬೆಳೆಯುತ್ತಿದೆ. ಇಟಲಿಯ ಸೆಚ್ಚಿ, ದೆಹಲಿಯ ಸೆಖ್ರಿ, ಅಕ್ಲೂಜಿನ ಮೋಹಿತೆ ಪಾಟೀಲ ಸಹೋದರರು ಕೂಡಿ ಕಟ್ಟಿದ ಫ್ರಾತೆಲ್ಲಿ ಸಂಸ್ಥೆಗೆ ಟಸ್ಕನಿಯ ವೈನ್ ತಯಾರಕ ಪಿಯೆರೊ ಮಾಸಿ ಏಳನೆಯವರಾಗಿ ಸೇರಿದರು. ಸಂಸ್ಥೆಯ ಹೆಸರಾಂತ ಕೆಂಪು ವೈನು ‘ಸೆತ್ತೆ’ (ಇಟಾಲಿಯನ್ನಿನಲ್ಲಿ ‘ಏಳು’) ಈ ಏಳು ಮಂದಿಯನ್ನು ನೆನಪಿಸುತ್ತದೆ. ತಳಿ ಇಟಲಿಯದಾದರೂ ಬೇಸಾಯ ಅಲ್ಲಿನದಾಗಿ ಉಳಿಯುವಂತಿರಲಿಲ್ಲ. ಟಸ್ಕನಿಯ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವರ್ಷಕ್ಕೊಮ್ಮೆ ಸವರಿದರೆ ಸಾಕು. ದಖ್ಖನಿನ ಬಳ್ಳಿಗೆ ನಿದ್ದೆಯೇ ಇಲ್ಲ. ಹಾಗಾಗಿ ವಿಜಯಪುರದ ಬೆಳೆಗಾರರು ‘ಚಾಟ್ನಿ’ ಎನ್ನುವ ಸವರುವಿಕೆ ಇಲ್ಲಿ ಎರಡು ಬಾರಿ ನಡೆಯುತ್ತದೆ: ಬೇಸಿಗೆಯದು ಕಡ್ಡಿ ಬಲಿಯುವುದಕ್ಕೆ, ಮಳೆ ಹಿಂದೆಗೆದ ಮೇಲಿನದು ಹಣ್ಣಿಗೆ. ಇಟಲಿಯಲ್ಲಿ ಸೆಪ್ಟೆಂಬರ್ ಆಸುಪಾಸಿಗೆ ಬರುವ ಕೊಯ್ಲು ಇಲ್ಲಿ ಫೆಬ್ರವರಿ, ಮಾರ್ಚಿಗೆ ಬರುತ್ತದೆ. ಕೆಂಪು ವೈನಿಗಾಗಿ ಹಣ್ಣನ್ನು ತೊಟ್ಟು ಬಿಡಿಸಿ ಸಿಪ್ಪೆಸಮೇತ ಹುದುಗಿಸುತ್ತಾರೆ. ಬಣ್ಣವೂ ಒಗರೂ ಸಿಪ್ಪೆಯಿಂದ ಇಳಿಯುತ್ತವೆ.

ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಇಲ್ಲಿ 2007ರಲ್ಲೇ ವೈನ್ ನೀತಿ ಬಂದಿತು. ಕೊಪ್ಪಳ ಜಿಲ್ಲೆಯ ಕೃಷ್ಮಾ ತೋಟದಲ್ಲಿ ಸಾಂಜೊವೇಸೆಯನ್ನೂ ನೆಟ್ಟರು. ಆದರೆ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ದೊರೆತ ಭೌಗೋಳಿಕ ಮಾನ್ಯತೆ ಹಣ್ಣಿಗೆ ಸಂದದ್ದೇ ಹೊರತು ಅದರ ವೈನಿಗಲ್ಲ. ಇಟಲಿಯ ತಳಿಯನ್ನು ತರಿಸಿದಷ್ಟೇ ಆಸ್ಥೆಯಿಂದ ಅಲ್ಲಿನ ಕಟ್ಟಳೆಯನ್ನೂ ತರಿಸಿ, ಊರ ಹೆಸರಿಗೆ ಹೊಣೆ ಕಟ್ಟುವ ಕೆಲಸವನ್ನು ಸರ್ಕಾರವೂ ಬೆಳೆಗಾರರೂ ಇನ್ನಾದರೂ ಕೈಗೆತ್ತಿಕೊಳ್ಳಬೇಕು.