ಬೆರಳೆಣಿಕೆಯೂ ಅಪೇಕ್ಷಾಬುದ್ಧಿಯೂ

ಸಂಖ್ಯೆಯು ಕೇವಲ ಬುದ್ಧಿಗೆ ಗೋಚರವಾದುದು, ಅದರಲ್ಲಿ ಶರೀರಕ್ಕೆ ಕೆಲಸವಿಲ್ಲ, ಬೆರಳು ಮಡಿಚಿ ಎಣಿಸುವುದು ಮಂದಮತಿಗಳ ಲಕ್ಷಣ ಎಂಬ ಭಾವನೆಯು ವಿದ್ಯಾವಂತರಲ್ಲಿ ಬಹುಮಟ್ಟಿಗೆ ರೂಢವಾಗಿರುತ್ತದೆ. ಈ ಲೇಖಕನೂ ಬಹುಕಾಲ ಹಾಗೆಯೇ ನಂಬಿದ್ದನು. ಛಂದಸ್ಸಿನ ಪಾಠದಲ್ಲಿ ಬೆರಳಿನ ಮೇಲೆ ಮಾತ್ರೆಗಳನ್ನು ಎಣಿಸುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು, "ಕೈ ಕೆಳಗಿಡು, ಮನಸ್ಸಿನಲ್ಲಿ ಎಣಿಸು" ಎಂದು ಗದರಿಸಿದುದೂ ಉಂಟು. ಅಲ್ಲಿಯವರೆಗೆ ಭಾಮಿನೀಷಟ್ಪದಿಯ ಗಣಗಳನ್ನು ತಪ್ಪಿಲ್ಲದೆ ಬಿಡಿಸುತ್ತಿದ್ದ ಆ ಹುಡುಗನು ಅಂದಿನಿಂದ ತಪ್ಪತೊಡಗಿದನು. ತಪ್ಪು ಅವನದೋ ಗುರುವಿನದೋ ಎಂಬ ಸಂಶಯವೇ ಈ ವಿಚಾರಕ್ಕೆ ಮೂಲವು.

ನಮ್ಮ ಶಾಸ್ತ್ರಕಾರರು ಸಂಖ್ಯೆಯ ಸ್ವರೂಪವನ್ನು ಬಹು ಸೂಕ್ಷ್ಮವಾಗಿ ವಿಚಾರಿಸಿರುವರು. ವೈಶೇಷಿಕರ ಮತದಲ್ಲಿ ಸಂಖ್ಯೆಯು ಒಂದು ಗುಣ. ಕಣಾದನು ಹೆಸರಿಸಿದ 17 ಗುಣಗಳಲ್ಲಿಯೂ, ಪ್ರಶಸ್ತಪಾದನು ವಿಸ್ತರಿಸಿದ 24 ಗುಣಗಳಲ್ಲಿಯೂ ಅದು ಸೇರಿದೆ. ಆದರೆ ಏಕತ್ವಕ್ಕೂ ದ್ವಿತ್ವಾದಿಗಳಿಗೂ ಒಂದು ಭೇದವನ್ನು ಅವರು ಹೇಳುತ್ತಾರೆ. ಏಕತ್ವವು ಪ್ರತಿಯೊಂದು ದ್ರವ್ಯದಲ್ಲಿಯೂ ತಾನಾಗಿಯೇ ಇರುವುದು. ದ್ವಿತ್ವ ಮೊದಲ್ಗೊಂಡು ಮೇಲಿನ ಸಂಖ್ಯೆಗಳಾದರೋ, "ಇದು ಒಂದು, ಇದು ಒಂದು" ಎಂದು ಅನೇಕ ಏಕತ್ವಗಳನ್ನು ಕೂಡಿಸಿ ಗ್ರಹಿಸುವ ಜ್ಞಾನದಿಂದ ಹುಟ್ಟುವುವು; ಆ ಜ್ಞಾನವು ನಾಶವಾದರೆ ತಾವೂ ನಾಶವಾಗುವುವು. ಈ ಜ್ಞಾನಕ್ಕೆ ಅಪೇಕ್ಷಾಬುದ್ಧಿಯೆಂದು ಹೆಸರು. ಎಂದಮೇಲೆ, ಮುಂದೆ ಬಿದ್ದಿರುವ ಐದು ಹುಣಿಸೆಬೀಜಗಳಲ್ಲಿ ಐದೆಂಬುದು ಕಲ್ಲಿನಲ್ಲಿ ಕಾಠಿನ್ಯವಿರುವಂತೆ ಸುಮ್ಮನೆ ಇರುವುದಲ್ಲ; ಎಣಿಸುವವನ ವ್ಯಾಪಾರವನ್ನು ಅಪೇಕ್ಷಿಸಿ ಅದು ಸಿದ್ಧಿಸುತ್ತದೆ.

ಇಲ್ಲಿ ಒಂದು ಪ್ರಶ್ನೆಯು ಉಳಿಯುತ್ತದೆ. ಪ್ರೌಢನಿಗೆ ಅಪೇಕ್ಷಾಬುದ್ಧಿಯು ಕ್ಷಣಮಾತ್ರದಲ್ಲಿ ಒದಗುವುದು. ಶಿಶುವಿಗೆ ಅದು ಹೇಗೆ ಒದಗಬೇಕು? ಹತ್ತರವರೆಗೆ ಗಿಳಿಪಾಠದಂತೆ ಒಪ್ಪಿಸುವ ಕೂಸನ್ನು "ಮೂರು ಬೀಜ ಕೊಡು ಮಗು" ಎಂದು ಕೇಳಿದರೆ, ಅದು ಒಂದು ಹಿಡಿ ಬೀಜವನ್ನು ಎತ್ತಿ ಕೊಡುವುದನ್ನು ಮನೆಮನೆಯಲ್ಲಿಯೂ ಕಾಣಬಹುದು. ಅದಕ್ಕೆ ಸಂಖ್ಯಾಶಬ್ದಗಳು ಬಂದಿವೆ, ಸಂಖ್ಯೆಯು ಬಂದಿಲ್ಲ. ಗೆಲ್‌ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಣಿಕೆಗೆ ಐದು ನಿಯಮಗಳನ್ನು ಹೇಳಿರುವರು. ಅವುಗಳಲ್ಲಿ ಮೊದಲ ಮೂರು ಪ್ರಕೃತಕ್ಕೆ ಮುಖ್ಯವಾದುವು: ಒಂದು ವಸ್ತುವಿಗೆ ಒಂದೇ ಶಬ್ದವು ಸಲ್ಲಬೇಕು, ಶಬ್ದಗಳ ಕ್ರಮವು ಕದಲಬಾರದು, ಕೊನೆಯ ಶಬ್ದವೇ ಒಟ್ಟು ಸಮೂಹದ ಸಂಖ್ಯೆಯಾಗಬೇಕು. ಕ್ರಮವನ್ನು ನಾಲಗೆಯು ಕಾಪಾಡುವುದು. ಒಂದಕ್ಕೆ ಒಂದೆಂಬ ನಿಯಮವನ್ನು ಕಾಪಾಡುವುದು ಕೈ. ಬೀಜವನ್ನು ಮುಟ್ಟಿ ಪಕ್ಕಕ್ಕೆ ಸರಿಸುವ ಬೆರಳು, ಎಣಿಸಿದುದನ್ನೂ ಎಣಿಸದುದನ್ನೂ ಬೇರ್ಪಡಿಸುತ್ತದೆ. "ಇದು ಒಂದು, ಇದು ಒಂದು" ಎಂಬ ಅಪೇಕ್ಷಾಬುದ್ಧಿಯೇ ಅಲ್ಲಿ ಕಣ್ಣಿಗೆ ಕಾಣುವ ಕ್ರಿಯೆಯಾಗಿ ನಡೆಯುತ್ತಿರುವುದು.

ಕ್ರಿಯೆಯ ಈ ಬಲವನ್ನು ತೋರಿಸುವ ನಿದರ್ಶನವೊಂದು ನಮ್ಮ ಕಣಗಳಲ್ಲಿಯೇ ಇತ್ತು. ಧಾನ್ಯವನ್ನು ಅಳೆದು ಸುರಿಯುವಾಗ ಮೊದಲನೆಯ ಅಳತೆಗೆ "ಒಂದು" ಎನ್ನದೆ "ಲಾಭ" ಎಂದು ಹೇಳುವ ವಾಡಿಕೆಯನ್ನು ಹಿರಿಯರು ಬಲ್ಲರು. ಶಬ್ದವು ಬದಲಾದರೂ ಲೆಕ್ಕವು ತಪ್ಪುತ್ತಿರಲಿಲ್ಲ. ಸುರಿಯುವ ಕ್ರಿಯೆಯೊಂದಕ್ಕೆ ಸ್ಥಾನವೊಂದು ಸಂದಿರುವುದರಿಂದ, ಲಾಭದ ಮುಂದಿನದು ಎರಡೇ, ಅದರ ಮುಂದಿನದು ಮೂರೇ. ಸಂಖ್ಯೆಯ ಆಧಾರವು ಹೆಸರಿನಲ್ಲಿ ಮಾತ್ರವಲ್ಲದೆ ಕ್ರಮಬದ್ಧವಾದ ಕ್ರಿಯೆಯಲ್ಲಿಯೂ ಇರುವುದೆಂಬುದು ಇದರಿಂದ ಸ್ಪಷ್ಟವು.

ವಿದ್ವತ್ಪರಂಪರೆಯಾದರೂ ಕೈಯನ್ನು ಅನಾದರಿಸಲಿಲ್ಲ. ಕವಿಗಳನ್ನು ಎಣಿಸಹೊರಟಾಗ ಕಿರುಬೆರಳಿಗೆ ಕಾಳಿದಾಸನು ಬಂದನೆಂದೂ, ಅವನಿಗೆ ಸಮಾನನು ಸಿಕ್ಕದೆ ಮುಂದಿನ ಬೆರಳಿಗೆ ಅನಾಮಿಕೆಯೆಂಬ ಹೆಸರು ಸಾರ್ಥಕವಾಯಿತೆಂದೂ ಹೇಳುವ ಸುಭಾಷಿತವು ಪ್ರಸಿದ್ಧವಾದುದು. ಎಣಿಕೆಯು ಕಿರುಬೆರಳಿನಿಂದ ಮೊದಲಾಗುವುದೆಂಬ ಲೋಕರೂಢಿಯನ್ನು ತಿಳಿಯದವನಿಗೆ ಆ ಶ್ಲೋಕದ ಚಮತ್ಕಾರವೇ ತಿಳಿಯದು. ಜಪದ ಕರಮಾಲೆಯನ್ನು ನೋಡಬಹುದು. ಅನಾಮಿಕೆಯ ನಡುಗೆಣ್ಣಿನಿಂದ ಹೊರಟು, ಅದರ ಬುಡಕ್ಕೆ ಇಳಿದು, ಕಿರುಬೆರಳಿನ ಮೂರು ಗೆಣ್ಣುಗಳನ್ನು ಏರಿ, ಅನಾಮಿಕೆ ಮಧ್ಯಮೆಗಳ ತುದಿಗಳನ್ನು ದಾಟಿ, ತರ್ಜನಿಯ ಮೂರು ಗೆಣ್ಣುಗಳನ್ನು ಇಳಿದರೆ ಹತ್ತು ತುಂಬುವುದು. ಮಧ್ಯಮೆಯ ಉಳಿದೆರಡು ಗೆಣ್ಣುಗಳು ಮೇರುವಾದುದರಿಂದ ಅವನ್ನು ಮುಟ್ಟತಕ್ಕದ್ದಲ್ಲ. ಮನಸ್ಸು ಮಂತ್ರಾರ್ಥದಲ್ಲಿ ನಿಂತಿರುವಾಗ ಲೆಕ್ಕದ ಭಾರವನ್ನು ಹೆಬ್ಬೆರಳು ಹೊರುತ್ತದೆ. ನಾರದೀಯಶಿಕ್ಷೆಯು ಸಾಮಗಾನದ ಸ್ವರಗಳಿಗೆ ಕೈಬೆರಳುಗಳಲ್ಲಿ ಸ್ಥಾನಗಳನ್ನು ಹೇಳಿ, ಶರೀರವನ್ನೇ ಗಾತ್ರವೀಣೆಯೆಂದು ಕರೆಯಿತು. ಭರತನು ತಾಳಕ್ಕೆ ಸಶಬ್ದ ನಿಶ್ಶಬ್ದಗಳೆಂದು ನಾಲ್ಕು ನಾಲ್ಕು ಹಸ್ತಕ್ರಿಯೆಗಳನ್ನು ವಿಧಿಸಿದನು. ಇಂದಿನ ಕರ್ಣಾಟಕಸಂಗೀತದಲ್ಲಿಯೂ ಚತುರಶ್ರಜಾತಿಯ ಲಘುವೆಂದರೆ ಒಂದು ತಟ್ಟು ಮತ್ತು ಕಿರುಬೆರಳಿನಿಂದ ಮೊದಲಾದ ಮೂರು ಬೆರಳೆಣಿಕೆ. ಗಾಯಕರಲ್ಲಿ ಅಗ್ರಗಣ್ಯನಾದವನೂ ಈ ಕ್ರಿಯೆಗಾಗಿ ನಾಚುವುದಿಲ್ಲ.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಪಪುವಾ ನ್ಯೂಗಿನಿಯ ಒಕ್ಸಾಪ್ಮಿನ್ ಜನರ ಎಣಿಕೆಯನ್ನು ಜೆಫ್ರಿ ಸ್ಯಾಕ್ಸ್ ಎಂಬ ವಿದ್ವಾಂಸರು ವಿವರಿಸಿದ್ದಾರೆ. ಅದು ಒಂದು ಕೈಯ ಹೆಬ್ಬೆರಳಿನಲ್ಲಿ ಮೊದಲಾಗಿ, ತೋಳನ್ನು ಏರಿ, 14ಕ್ಕೆ ಮೂಗನ್ನು ಮುಟ್ಟಿ, ಮತ್ತೊಂದು ಕೈಯ ಕಿರುಬೆರಳಿನಲ್ಲಿ 27ಕ್ಕೆ ಮುಗಿಯುವುದು. ಅವಯವದ ಹೆಸರೇ ಸಂಖ್ಯೆಯ ಹೆಸರು. ವೈದ್ಯಶಾಸ್ತ್ರದಲ್ಲಿಯೂ ಒಂದು ಸಾಕ್ಷ್ಯವುಂಟು. ತನ್ನ ಬೆರಳುಗಳಲ್ಲಿ ಯಾವುದು ಯಾವುದೆಂದು ಗುರುತಿಸಲಾರದ ರೋಗಿಯ ವಿಷಯವನ್ನು ವಿಯೆನ್ನಾದ ವೈದ್ಯರಾದ ಜೋಸೆಫ್ ಗೆರ್ಸ್ಟ್‌ಮನ್ 1924ರಲ್ಲಿ ಪ್ರಕಟಿಸಿದರು. ಈ ದೋಷದೊಡನೆ ಲೆಕ್ಕ ಮಾಡಲಾರದಿರುವುದು, ಬರೆಯಲಾರದಿರುವುದು, ಎಡಬಲಗಳು ತಿಳಿಯದಿರುವುದು ಎಂಬಿವು ಕೂಡಿಬರುವ ಸ್ಥಿತಿಯು ಈಗಲೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮಿದುಳಿನ ಎಡಭಾಗದ ಒಂದು ಪ್ರದೇಶಕ್ಕೆ ಪೆಟ್ಟಾದಾಗ ಇದು ಕಾಣುವುದು. ಆದರೆ ಈ ದೋಷಗಳು ಬಿಡಿಬಿಡಿಯಾಗಿಯೂ ತೋರುವುದುಂಟಾದಕಾರಣ, ಬೆರಳಿನ ಅರಿವೇ ಲೆಕ್ಕಕ್ಕೆ ಕಾರಣವೆಂದು ಇಷ್ಟರಿಂದಲೇ ಸಿದ್ಧಾಂತಮಾಡಲಾಗದು. ಅವು ನೆರೆಹೊರೆಯವೆಂದು ಮಾತ್ರ ಹೇಳಬಹುದು.

ಇಲ್ಲಿ ತಾರ್ಕಿಕರು ಆಕ್ಷೇಪಿಸಬಹುದು: ಅಪೇಕ್ಷಾಬುದ್ಧಿಯು ಆತ್ಮಗುಣ, ಕೈಯ ಗುಣವಲ್ಲ, ಕೈಯಿಲ್ಲದವರೂ ಲೆಕ್ಕ ಬಲ್ಲರಷ್ಟೆ? ಈ ಆಕ್ಷೇಪವು ಯುಕ್ತವೇ. ಶರೀರಕ್ರಿಯೆಯೇ ಸಂಖ್ಯೆಯೆಂದು ನಾವು ಹೇಳುವುದಿಲ್ಲ. ಕುಂಬಾರನ ಕೋಲು ಗಡಿಗೆಯಲ್ಲಿ ಉಳಿಯದಿದ್ದರೂ ಗಡಿಗೆಗೆ ನಿಮಿತ್ತವಾಗುವಂತೆ, ಕ್ರಿಯೆಯು ಸಂಖ್ಯಾಜ್ಞಾನಕ್ಕೆ ನಿಮಿತ್ತವಾಗುತ್ತದೆ. ಒಬ್ಬನಿಗೆ ಬೆರಳು, ಮತ್ತೊಬ್ಬನಿಗೆ ತಲೆಯ ತೂಗಾಟ, ಇನ್ನೊಬ್ಬನಿಗೆ ಹೆಜ್ಜೆ ಕೋಲಾಗಬಹುದು. ಜಪಾನಿನಲ್ಲಿ ಸೊರೊಬಾನ್ ಎಂಬ ಮಣಿಚೌಕಟ್ಟಿನ ಮೇಲೆ ಲೆಕ್ಕ ಕಲಿತ ಮಕ್ಕಳು, ಚೌಕಟ್ಟನ್ನು ತೆಗೆದಮೇಲೂ ಇಲ್ಲದ ಮಣಿಗಳನ್ನು ಬೆರಳುಗಳಿಂದ ಸರಿಸುತ್ತ ಲೆಕ್ಕ ಮಾಡುವುದುಂಟು. ನುರಿತವರಲ್ಲಿ ಬೆರಳೂ ನಿಲ್ಲಬಹುದು. ಕೈಯು ಅಭ್ಯಾಸದಿಂದ ತಾನಾಗಿ ನಿಲ್ಲುವುದು ಬೇರೆ, ಅಭ್ಯಾಸಕ್ಕೆ ಮೊದಲೇ ಅದನ್ನು ಹಿಡಿದು ನಿಲ್ಲಿಸುವುದು ಬೇರೆ.

ಸಾಹಿತ್ಯದ ಉಪಾಧ್ಯಾಯರಿಗೆ ಈ ವಿಚಾರದಿಂದ ಒಂದು ಪ್ರಯೋಜನವುಂಟು. ಭಾಮಿನಿಯಲ್ಲಿ ಚಿಕ್ಕ ಪಾದಗಳಿಗೆ 3, 4, 3, 4 ಎಂದು 14 ಮಾತ್ರೆಗಳು. ಮೂರನೆಯ ಮತ್ತು ಆರನೆಯ ಪಾದಗಳಿಗೆ ಮೂರು ಮತ್ತು ನಾಲ್ಕರ ಜೋಡಿಯು ಮೂರಾವರ್ತಿ ಬಂದು ಕೊನೆಗೊಂದು ಗುರು, ಒಟ್ಟು 23. ನಾವು ಇದನ್ನು ಕರಿಹಲಗೆಯ ಮೇಲೆ ಬರೆದು, ಅಕ್ಷರಗಳ ಮೇಲೆ ಲಘುಗುರುಗಳ ಗುರುತನ್ನು ಹಾಕಿಸುತ್ತೇವೆ. ವಿದ್ಯಾರ್ಥಿಯು ಗುರುತನ್ನು ಕಲಿಯುತ್ತಾನೆ, ಆದರೆ ನಡೆಯನ್ನು ಕೇಳಲಾರನು. ಪ್ರತಿ ಗಣದ ಮೊದಲ ಮಾತ್ರೆಗೆ ಅಂಗೈಯ ತಟ್ಟು, ಉಳಿದ ಮಾತ್ರೆಗಳಿಗೆ ಕಿರುಬೆರಳಿನಿಂದ ಎಣಿಕೆ ಎಂದು ಹಾಕಿಸಿ ಪದ್ಯವನ್ನು ಗಟ್ಟಿಯಾಗಿ ಓದಿಸಿದರೆ, ಗುರುವಿಗೆ ಎರಡು ಮಾತ್ರೆಯೆಂಬ ಸೂತ್ರವು ಅನುಭವವಾಗುತ್ತದೆ. ಒಂದು ದೀರ್ಘಸ್ವರವು ಎರಡು ಎಣಿಕೆಗಳ ಕಾಲ ಬಾಯಲ್ಲಿ ನಿಲ್ಲುವುದನ್ನು ಅವನು ತಾನೇ ಅರಿಯುತ್ತಾನೆ. ಲಕ್ಷಣಗ್ರಂಥದ ಸಂಖ್ಯೆಗಳು ಕವಿಯು ನಡೆದ ಹೆಜ್ಜೆಯ ಅಳತೆಯೆಂಬುದು ಆಗ ಅವನಿಗೆ ತಿಳಿಯುವುದು.

ಮೇಲೆ ಹೇಳಿದ ವಿದ್ಯಾರ್ಥಿಯನ್ನು ಕೆಲವು ವಾರಗಳ ತರುವಾಯ ಕರೆದು, ಮೊದಲಿನಂತೆಯೇ ಎಣಿಸೆಂದು ಹೇಳಿದೆನು. ಅವನು ಸಂಕೋಚದಿಂದ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು ಎಣಿಸತೊಡಗಿದನು. ಕೈಯನ್ನು ಮೇಜಿನ ಮೇಲಿಡುವಂತೆ ಅವನನ್ನು ಒಪ್ಪಿಸಲು ಮತ್ತೆ ಒಂದು ವಾರ ಹಿಡಿಯಿತು.