ಬಡಿಸುವುದು ನಮ್ಮ ಪಾಲು, ಉಣ್ಣುವುದು ಮಗುವಿನ ಪಾಲು

ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮೊಬೈಲ್. ಮಗು ಪರದೆ ನೋಡುತ್ತಾ ಬಾಯಿ ತೆರೆಯುತ್ತದೆ, ಅಮ್ಮ ತುತ್ತಿಡುತ್ತಾಳೆ. ತಟ್ಟೆಯೇನೋ ಖಾಲಿಯಾಗುತ್ತದೆ. ಆದರೆ ತಿಂದದ್ದೇನು, ಹೊಟ್ಟೆ ತುಂಬಿತೋ ಇಲ್ಲವೋ ಎಂಬುದು ಮಗುವಿನ ಗಮನಕ್ಕೇ ಬರುವುದಿಲ್ಲ.

ಹಸಿವೆಷ್ಟು, ಸಾಕೆಷ್ಟು ಎಂಬ ಅರಿವು ಹುಟ್ಟಿನಿಂದಲೇ ಬರುತ್ತದೆ. ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ 1920ರ ದಶಕದಲ್ಲಿ, ಆಗಷ್ಟೇ ಹಾಲು ಬಿಟ್ಟ ಕೂಸುಗಳ ಮುಂದೆ ತರಕಾರಿ, ಹಣ್ಣು, ಧಾನ್ಯ, ಹಾಲು, ಮೊಟ್ಟೆ, ಮಾಂಸವನ್ನಿಟ್ಟು ಬೇಕಾದ್ದನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ದಾದಿಯರು ಒತ್ತಾಯಿಸುವಂತಿರಲಿಲ್ಲ. ಮಕ್ಕಳು ಚೆನ್ನಾಗಿಯೇ ಬೆಳೆದರು. ಆದರೆ ಆ ಬಟ್ಟಲುಗಳಲ್ಲಿ ಸಕ್ಕರೆಯ ತಿನಿಸು ಒಂದೂ ಇರಲಿಲ್ಲ. ಏನಿಡಬೇಕೆಂದು ದೊಡ್ಡವರು ನಿರ್ಧರಿಸಿದ್ದರು; ಎಷ್ಟು ತಿನ್ನಬೇಕೆಂದು ಮಕ್ಕಳು ನಿರ್ಧರಿಸಿದರು. ನಮ್ಮ ಮನೆಗಳಿಗೂ ಈ ಹಂಚಿಕೆಯೇ ಸರಿ.

ಮೊದಲ ತುತ್ತು

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು. ಆಮೇಲೆ ಎದೆಹಾಲಿನ ಜೊತೆಗೆ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯ ಸರಿ, ಮೆತ್ತಗೆ ಬೇಯಿಸಿದ ಅನ್ನ-ಬೇಳೆ, ಹಿಸುಕಿದ ಬಾಳೆಹಣ್ಣು ಶುರುವಾಗಲಿ. ಜೇನು ನೆಕ್ಕಿಸುವ ರೂಢಿ ಹಲವು ಮನೆಗಳಲ್ಲಿದೆ. ವರ್ಷ ತುಂಬುವ ಮೊದಲು ಅದು ಬೇಡ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಗೂಸಿನ ಕರುಳಲ್ಲಿ ವಿಷ ಹುಟ್ಟಿಸಬಲ್ಲದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ, ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ 65ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಊಟ ಬಿಟ್ಟರೂ ಲೋಟಗಟ್ಟಲೆ ಹಾಲು ಕುಡಿಯುತ್ತಾನಲ್ಲ ಎಂದು ಸಮಾಧಾನಪಡುವವರು ಗಮನಿಸಬೇಕು: ರಕ್ತಕ್ಕೆ ಬೇಕಾದ ಕಬ್ಬಿಣದಂಶ ಹಾಲಿನಲ್ಲಿ ತೀರಾ ಕಡಿಮೆ. ಟೀ ಕುಡಿಸಿದರಂತೂ ಊಟದಲ್ಲಿರುವ ಕಬ್ಬಿಣವೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ.

ಮತ್ತೆ ಮತ್ತೆ ಬಡಿಸಿ

ಮೆಂತ್ಯಸೊಪ್ಪನ್ನು ಎರಡು ಸಲ ಉಗುಳಿದ ಕೂಡಲೇ ‘ಇವಳಿಗೆ ಸೊಪ್ಪು ಸೇರಲ್ಲ’ ಎಂದು ತೀರ್ಪು ಕೊಡಬೇಡಿ. ಹೊಸ ರುಚಿ ಒಗ್ಗಲು ಹತ್ತು-ಹದಿನೈದು ಸಲ ಬೇಕಾಗಬಹುದು. ಒಂದೇ ಒಂದು ಚಮಚ ಬಡಿಸಿ, ನೀವೂ ಪಕ್ಕದಲ್ಲಿ ಕೂತು ಅದನ್ನೇ ತಿನ್ನಿ. ಪಲ್ಯ ತಿಂದರೆ ಚಾಕೊಲೇಟ್ ಎಂದು ಆಸೆ ಹುಟ್ಟಿಸಿದರೆ, ಚಾಕೊಲೇಟೇ ಬಹುಮಾನ, ಪಲ್ಯ ಬರೀ ಕಷ್ಟ ಎಂದು ಮಗು ಕಲಿಯುತ್ತದೆ.

ಅಡುಗೆಗೆ ಮಕ್ಕಳ ಕೈಯೂ ಸೇರಲಿ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಮೂರು ವರ್ಷದ ಮಗುವಿನ ಮುಂದಿಟ್ಟು ನೋಡಿ. ಪುಟ್ಟ ಬೆರಳಲ್ಲಿ ಹಿಸುಕುತ್ತಲೇ ಸಿಪ್ಪೆ ಕೈಯಲ್ಲುಳಿದು ಬೇಳೆ ಚಂಗನೆ ಹಾರುತ್ತದೆ. ಮಗು ಕೇಕೆ ಹಾಕಿ ಇನ್ನೊಂದು ಕಾಳು ಹಿಡಿಯುತ್ತದೆ. ತಾನು ಹಿಸುಕಿದ ಬೇಳೆಯ ಸಾರನ್ನು ರುಚಿ ನೋಡುವ ಆಸೆ ಅದಕ್ಕೆ ತಾನಾಗಿ ಬರುತ್ತದೆ.

ಸಾಕು ಎಂದಾಗ ತಟ್ಟೆ ಎತ್ತಿಬಿಡಿ. ಮುಂದಿನ ಊಟದ ಹೊತ್ತಿನವರೆಗೆ ಬಿಸ್ಕತ್ತು, ಚಿಪ್ಸ್ ಕೈಗೆ ಸಿಗದಿರಲಿ. ಅಜ್ಜಿ-ತಾತನೂ ಇದಕ್ಕೆ ಒಪ್ಪಿ ನಡೆದರೆ ಅರ್ಧ ಕೆಲಸ ಮುಗಿದಂತೆಯೇ. ಹಸಿದ ಮಗು ಉಣ್ಣುತ್ತದೆ. ಆ ಹಸಿವನ್ನು ನಂಬುವ ಧೈರ್ಯ ದೊಡ್ಡವರಿಗೆ ಬೇಕು.