ದೂರು ಗೇರ್ ಬಾಕ್ಸಿನ ಮೇಲೆ, ದೋಷ ಪೆಡಲಿನಲ್ಲಿ

ಗೇರ್ ಗಟ್ಟಿಯಾಗಿದೆ, ಎರಡನೆಯದು ಸರಿಯಾಗಿ ಕೂರುವುದಿಲ್ಲ, ಮೂರರಿಂದ ನಾಲ್ಕಕ್ಕೆ ಹಾಕುವಾಗ ನಡುವೆಯೇ ಫ್ರೀ ಆಗಿಬಿಡುತ್ತದೆ. ಬೈಕಿನ ಮೇಲೆ ಇಂಥ ದೂರು ಬಂದಾಗ ಗ್ಯಾರೇಜಿನಲ್ಲಿ ಮೊದಲು ಬದಲಾಗುವುದು ಎಂಜಿನ್ ಆಯಿಲ್. ಆಮೇಲೆ ಕ್ಲಚ್ ಕೇಬಲ್, ಅದಕ್ಕೂ ಬಗ್ಗದಿದ್ದರೆ ಕ್ಲಚ್ ಪ್ಲೇಟು. ಎಂಜಿನ್ ಬಿಚ್ಚಬೇಕಾದೀತು ಎಂಬ ಮಾತು ಬರುವ ಹೊತ್ತಿಗೆ ಮಾಲೀಕ ಅರ್ಧ ಸೋತಿರುತ್ತಾನೆ. ಇಷ್ಟರಲ್ಲಿ ಯಾರೂ ಬಗ್ಗಿ ನೋಡದ ಒಂದು ಭಾಗ ಉಳಿದೇ ಇರುತ್ತದೆ: ಪೆಡಲಿನಿಂದ ಎಂಜಿನ್ನಿನ ಶಾಫ್ಟಿಗೆ ಹೋಗುವ ಸಣ್ಣ ಗೇರ್ ರಾಡ್. ಅದನ್ನು ಸವಾರನ ಪಾದಕ್ಕೆ ಹೊಂದಿಸುವುದು ಬರೀ ಆರಾಮದ ಪ್ರಶ್ನೆಯಲ್ಲ, ಗೇರ್ ಬಾಕ್ಸಿನ ಬಾಳಿಕೆಯ ಪ್ರಶ್ನೆ. ಹಾಗಾಗಿ ಪರೀಕ್ಷೆಯ ಸರದಿಯಲ್ಲಿ ಅದಕ್ಕೆ ಮೊದಲ ಜಾಗ ಸಿಗಬೇಕು.

ಪೆಡಲನ್ನು ಒತ್ತಿದಾಗ ಅಥವಾ ಎತ್ತಿದಾಗ ಆ ರಾಡ್ ಒಂದು ಚಿಕ್ಕ ತೋಳನ್ನು ಎಳೆಯುತ್ತದೆ ಇಲ್ಲವೇ ತಳ್ಳುತ್ತದೆ. ತೋಳು ಗೇರ್ ಶಾಫ್ಟನ್ನು ತಿರುಗಿಸುತ್ತದೆ. ಶಾಫ್ಟಿನ ಕೊಕ್ಕೆ ಒಳಗಿನ ಡ್ರಮ್ಮನ್ನು ಒಂದು ಹೆಜ್ಜೆ ಸರಿಸುತ್ತದೆ, ಡ್ರಮ್ಮಿನ ಮೇಲಿನ ಓರೆ ತೋಡುಗಳಲ್ಲಿ ಓಡಾಡುವ ಫೋರ್ಕುಗಳು ಹಲ್ಲುಗಾಲಿಯನ್ನು ಪಕ್ಕಕ್ಕೆ ಜರುಗಿಸುತ್ತವೆ, ಅದರ ಮೈಮೇಲಿನ ದಪ್ಪ ಉಬ್ಬುಗಳು ಪಕ್ಕದ ಗಾಲಿಯ ಕುಳಿಗಳಿಗೆ ಇಳಿದು ಕಚ್ಚಿಕೊಳ್ಳುತ್ತವೆ. ಕಾಲು ತೆಗೆದೊಡನೆ ಸ್ಪ್ರಿಂಗು ಪೆಡಲನ್ನು ಮತ್ತೆ ನಡುವಿಗೆ ತರುತ್ತದೆ. ಇಲ್ಲಿ ಮುಖ್ಯವಾದದ್ದು ಬಲವಲ್ಲ, ಪೂರ್ತಿ ನಡೆ. ಪಾದ ಅರ್ಧ ದಾರಿಗೇ ನಿಂತರೆ ಉಬ್ಬು ಕುಳಿಯ ಅಂಚನ್ನಷ್ಟೇ ಹಿಡಿಯುತ್ತದೆ. ಆಕ್ಸಿಲರೇಟರ್ ತಿರುಗಿಸಿದಾಗ ಆ ಅಂಚು ಜಾರುತ್ತದೆ, ಜಾರಿದಷ್ಟು ಸಲ ಒಂದಿಷ್ಟು ಸವೆಯುತ್ತದೆ, ಸವೆದ ಮೇಲೆ ಗೇರ್ ತಾನಾಗಿಯೇ ಹಾರತೊಡಗುತ್ತದೆ. ಆಗ ಗೇರ್ ಬಾಕ್ಸ್ ನಿಜಕ್ಕೂ ಕೆಟ್ಟಿರುತ್ತದೆ, ಆದರೆ ಕೆಡಿಸಿದ್ದು ಹೊರಗಿನ ಪೆಡಲು.

ಪೆಡಲ್ ಎತ್ತರ ಹೆಚ್ಚಿದ್ದರೆ ಅದರಡಿಗೆ ಹೆಬ್ಬೆರಳು ತೂರಿಸಿ ಎತ್ತುವಾಗ ಕಣಕಾಲು ಮಡಚುವ ಮಿತಿ ಮುಗಿದುಹೋಗುತ್ತದೆ, ಪೆಡಲಿನ ನಡೆ ಮಾತ್ರ ಮುಗಿದಿರುವುದಿಲ್ಲ. ತಗ್ಗಿದ್ದರೆ ಇನ್ನೊಂದು ತೊಂದರೆ. ಕೆಳಗೆ ಒತ್ತಲು ಪಾದಕ್ಕೆ ಎಟುಕು ಸಾಲುವುದಿಲ್ಲ, ಬೆರಳನ್ನು ಅಡಿಯಲ್ಲೇ ಇಟ್ಟುಕೊಂಡು ಓಡಿಸುವವರ ಬೂಟು ಪೆಡಲನ್ನು ಸದಾ ಮೇಲಕ್ಕೆ ನೂಕುತ್ತಿರುತ್ತದೆ. ಆ ಎಡೆಬಿಡದ ಒತ್ತಡ ಒಳಗಿನ ಫೋರ್ಕುಗಳ ತನಕ ಮುಟ್ಟುತ್ತದೆ. ಇದರ ಮೇಲೆ ಕೋನದ ಲೆಕ್ಕವೂ ಇದೆ. ಪೆಡಲು ನಡುವಿನಲ್ಲಿ ನಿಂತಿರುವಾಗ ರಾಡಿಗೂ ತೋಳಿಗೂ ನಡುವೆ 90 ಡಿಗ್ರಿ ಇದ್ದರೆ ಪಾದದ ಬಲವೆಲ್ಲ ಶಾಫ್ಟನ್ನು ತಿರುಗಿಸಲು ಸಲ್ಲುತ್ತದೆ. ಕೋನ 45ಕ್ಕೆ ಇಳಿದರೆ ಸಲ್ಲುವುದು ಸುಮಾರು ಶೇಕಡಾ 70 ಮಾತ್ರ. ಅದಕ್ಕಿಂತ ಕೆಟ್ಟದ್ದೆಂದರೆ, ಓರೆಯಾದ ತೋಳು ಒಂದು ದಿಕ್ಕಿಗೆ ಸಲೀಸಾಗಿ, ಇನ್ನೊಂದಕ್ಕೆ ಬಿಗಿಯಾಗಿ ನಡೆಯುತ್ತದೆ. ಗೇರ್ ಏರಿಸುವಾಗ ಬೆಣ್ಣೆ, ಇಳಿಸುವಾಗ ಕಲ್ಲು ಎನ್ನುವ ದೂರಿನ ಮೂಲ ಎಷ್ಟೋ ಸಲ ಇದೇ.

ಹೊಂದಿಸುವ ಕೆಲಸ ದೊಡ್ಡದಲ್ಲ. ರಾಡಿನ ಒಂದು ತುದಿಗೆ ಸಾಮಾನ್ಯ ಥ್ರೆಡ್, ಇನ್ನೊಂದಕ್ಕೆ ಉಲ್ಟಾ ಥ್ರೆಡ್. ಎರಡೂ ಕಡೆ ಲಾಕ್ ನಟ್. ನಟ್ ಸಡಿಲಿಸಿ ರಾಡನ್ನು ಇದ್ದಲ್ಲೇ ತಿರುಗಿಸಿದರೆ ಎರಡು ತುದಿಗಳೂ ಒಟ್ಟಿಗೆ ಒಳಕ್ಕೆ ಅಥವಾ ಹೊರಕ್ಕೆ ಸರಿಯುತ್ತವೆ. ಉಲ್ಟಾ ಥ್ರೆಡ್ಡಿನ ನಟ್ಟನ್ನು ಬಿಚ್ಚುವ ದಿಕ್ಕೂ ಉಲ್ಟಾ. ಇದು ತಿಳಿಯದೆ ಜಗ್ಗಾಡಿ ನಟ್ಟಿನ ಮೂಲೆ ಸವೆಸಿದವರು ಕಡಿಮೆಯಿಲ್ಲ. 6 ಮಿ.ಮೀ. ದಪ್ಪದ ಸಾಮಾನ್ಯ ಥ್ರೆಡ್ಡಿನಲ್ಲಿ ಒಂದು ಸುತ್ತಿಗೆ ಒಂದೊಂದು ತುದಿಯೂ 1 ಮಿ.ಮೀ. ಸರಿಯುತ್ತದೆ, ಒಟ್ಟು 2 ಮಿ.ಮೀ. ಪೆಡಲಿನ ತುದಿ ಕೀಲಿನಿಂದ 12 ಸೆಂ.ಮೀ., ರಾಡ್ ಸೇರುವ ಜಾಗ 4 ಸೆಂ.ಮೀ. ದೂರವಿದ್ದರೆ ಪಾದದ ಕೆಳಗೆ ಆ 2 ಮಿ.ಮೀ. ಹೋಗಿ 6 ಮಿ.ಮೀ. ಆಗುತ್ತದೆ. ಆದ್ದರಿಂದ ಅರ್ಧರ್ಧ ಸುತ್ತು ತಿರುಗಿಸಿ, ದಿನವೂ ಹಾಕುವ ಚಪ್ಪಲಿ ಅಥವಾ ಬೂಟಿನಲ್ಲೇ ಸೀಟಿನ ಮೇಲೆ ಕೂತು ನೋಡಬೇಕು. ಪಾದ ಫುಟ್‌ರೆಸ್ಟಿನ ಮೇಲಿರುವಂತೆಯೇ ಬೆರಳು ಪೆಡಲಿನಡಿ ನುಸುಳಬೇಕು, ಮೇಲಿನಿಂದಲೂ ತಡೆಯಿಲ್ಲದೆ ಒತ್ತುವಂತಿರಬೇಕು. ರಾಡ್ ಹೆಚ್ಚು ಹೊರಬಂದು ಹಿಡಿತಕ್ಕೆ ನಾಲ್ಕೈದು ಸುತ್ತಿನ ಥ್ರೆಡ್ಡಷ್ಟೇ ಉಳಿಯುವಂತಿದ್ದರೆ ಅಲ್ಲಿಗೆ ನಿಲ್ಲಿಸಿ, ತೋಳನ್ನೇ ಶಾಫ್ಟಿನ ಮೇಲೆ ಒಂದು ಹಲ್ಲು ಸರಿಸಿ ಕೂರಿಸುವುದು ಕ್ಷೇಮ. ಕೊನೆಗೆ ಲಾಕ್ ನಟ್ ಬಿಗಿಯುವಾಗ ಎರಡು ತುದಿಯ ಗುಂಡಿನ ಕೀಲುಗಳೂ ಒಂದೇ ಸಮಕ್ಕಿರಬೇಕು, ಇಲ್ಲದಿದ್ದರೆ ಅವು ಹಿಡಿದುಕೊಳ್ಳುತ್ತವೆ.

ತೊಂದರೆ ಕ್ಲಚ್ಚಿನದೇ ಆಗಿದ್ದರೆ ಈ ಕಸರತ್ತೆಲ್ಲ ವ್ಯರ್ಥವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದನ್ನು ಬೇರ್ಪಡಿಸಲು ಖರ್ಚಿಲ್ಲದ ಉಪಾಯವಿದೆ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಆರಿಸಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸುತ್ತ ಒಂದೊಂದೇ ಗೇರ್ ಹಾಕಬೇಕು. ಆಗ ಎಲ್ಲವೂ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಗಟ್ಟಿಯಾದರೆ, ನಿಂತಲ್ಲಿ ನ್ಯೂಟ್ರಲ್ ಸಿಗದೆ ಸತಾಯಿಸಿದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ರಾಡನ್ನು ಎಷ್ಟು ತಿರುಗಿಸಿದರೂ ಫಲವಿಲ್ಲ. ಎಂಜಿನ್ ಆರಿದ್ದಾಗಲೂ ಪೆಡಲು ತಡವರಿಸಿದರೆ ಒಂದು ಕೈಯಲ್ಲಿ ಶಾಫ್ಟಿನ ತೋಳನ್ನು ಹಿಡಿದು ಇನ್ನೊಂದರಲ್ಲಿ ಪೆಡಲನ್ನು ಅಲುಗಿಸಿ ನೋಡಬೇಕು. ತೋಳು ಮಿಸುಕದೆ ಪೆಡಲು ಆಡಿದರೆ ಆ ಆಟವೆಲ್ಲ ಕೀಲುಗಳದ್ದು. ಮಳೆಗಾಲದ ಕೆಸರು ಮೊದಲು ಹೊಗುವುದು ಅಲ್ಲಿಗೇ.

ಕಂಪನಿಯವರು ಇಟ್ಟ ಅಳತೆಯನ್ನು ನಾವು ತಿದ್ದುವುದೇ ಎಂದು ಹಿಂಜರಿಯುವವರೂ ಇದ್ದಾರೆ. ಸುತ್ತಿದರೆ ಉದ್ದ ಬದಲಾಗುವ ರಾಡನ್ನು ಮಾಡಿಟ್ಟವರು ಅದೇ ಕಂಪನಿಯವರು; ಬದಲಿಸಬಾರದೆಂದಿದ್ದರೆ ಎರಡು ತೂತಿನ ಪಟ್ಟಿ ಸಾಕಿತ್ತು, ಅಗ್ಗವೂ ಆಗುತ್ತಿತ್ತು. ಬಲಗಾಲಿಗೆ ಗೇರ್ ಇದ್ದ ಹಳೆಯ ಬುಲೆಟ್ಟಿನ ನಾಲ್ಕು ಗೇರಿನ ಬಾಕ್ಸಿನಲ್ಲಿ ಪೆಡಲಿನ ನಡೆ ಮೇಲಕ್ಕೂ ಕೆಳಕ್ಕೂ ಸಮವಾಗುವಂತೆ ಸರಿಸಿ ಬಿಗಿಯುವ ತಡೆಪಟ್ಟಿಯೇ ಇತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಜಾವಾ, ಯೆಜ್ಡಿಗಳಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಗೇರ್ ಹಾಕಲು ಅದನ್ನು ಒತ್ತಿದರೆ ಕ್ಲಚ್ಚೂ ತಾನಾಗಿ ಬಿಡುವ ಏರ್ಪಾಡು ಜಾವಾದಲ್ಲಿತ್ತು, ಅದಕ್ಕೂ ಆಗಾಗ ಸ್ಕ್ರೂ ತಿರುಗಿಸಿ ಹದ ಮಾಡಬೇಕಿತ್ತು. ಈಗಿನ ಕೆಲವು ದುಬಾರಿ ಬೈಕುಗಳಲ್ಲಿ ಮಾತ್ರ ಹಿಂಜರಿಕೆಗೆ ಕಾರಣವಿದೆ: ಕ್ಲಚ್ ಹಿಡಿಯದೆ ಗೇರ್ ಬದಲಿಸಲು ನೆರವಾಗುವ ಸೆನ್ಸರ್ ರಾಡಿನಲ್ಲೇ ಕೂತಿರುತ್ತದೆ, ತಿರುಗಿಸುವಾಗ ಅದರ ವಯರಿಗೆ ತಿರುಚು ಬೀಳಬಾರದು.

ಆದರೆ ನಮ್ಮ ಬೀದಿಗಳಲ್ಲಿ ಹೆಚ್ಚಾಗಿ ಕಾಣುವ ಸ್ಪ್ಲೆಂಡರಿನಂಥ ಬೈಕುಗಳಿಗೆ ಈ ರಾಡೇ ಇಲ್ಲ. ಹಿಮ್ಮಡಿಗೊಂದು, ಬೆರಳಿಗೊಂದು ತುದಿಯಿರುವ ಪೆಡಲು ನೇರವಾಗಿ ಶಾಫ್ಟಿನ ಹಲ್ಲುಗಳ ಮೇಲೆ ಕೂರುತ್ತದೆ. ಅಲ್ಲಿ ಸೂಕ್ಷ್ಮವಾಗಿ ಹೊಂದಿಸಲು ಬರುವುದಿಲ್ಲ. ಶಾಫ್ಟಿಗೆ 24 ಹಲ್ಲಿದ್ದರೆ ಒಂದು ಹಲ್ಲಿಗೆ 15 ಡಿಗ್ರಿ, 12 ಸೆಂ.ಮೀ. ಉದ್ದದ ತುದಿಯಲ್ಲಿ ಅದು ಸುಮಾರು 3 ಸೆಂ.ಮೀ. ಜಿಗಿತ. ಮುಂದಿನ ತುದಿ ಏರಿದಷ್ಟೂ ಹಿಂದಿನದು ಇಳಿಯುತ್ತದೆ, ಹಿಮ್ಮಡಿಯಿಂದ ಗೇರ್ ಇಳಿಸುವವರಿಗೆ ಒತ್ತಲು ಜಾಗವೇ ಉಳಿಯದಿರಬಹುದು. ಇಂಥ ಬೈಕಿನಲ್ಲಿ ಮೊದಲು ನೋಡಬೇಕಾದದ್ದು ಎತ್ತರವನ್ನಲ್ಲ, ಪೆಡಲನ್ನು ಶಾಫ್ಟಿಗೆ ಬಿಗಿದಿರುವ ಬೋಲ್ಟನ್ನು. ಅದು ಸಡಿಲವಾಗಿದ್ದರೆ ಪೆಡಲಿನ ಹಲ್ಲುಗಳು ಶಾಫ್ಟಿನ ಹಲ್ಲುಗಳನ್ನು ದಿನವೂ ಒಂದಿಷ್ಟು ತಿನ್ನುತ್ತಿರುತ್ತವೆ. ಪೆಡಲು ಹೊಸದನ್ನು ತಂದು ಹಾಕಬಹುದು, ಶಾಫ್ಟ್ ಬದಲಿಸಬೇಕೆಂದರೆ ಎಂಜಿನ್ನಿನ ಕವರ್ ಬಿಚ್ಚಲೇಬೇಕು.